ಅನಿಮೇಷನ್ ಸರಣಿಗಳ ಕಥಾನಾಯಕರು ಮತ್ತು ಸಾಮಾಜಿಕ ಮೌಲ್ಯಗಳು

ಅನಿಮೇಷನ್ ಸರಣಿಯ ಕಥಾನಾಯಕ ಎಂದರೆ, ಚಿತ್ರಗಳಿಗೆ ಚಲನೆ ಕೊಟ್ಟು ಕಂತುಕಂತಾಗಿ ಹೇಳುವ ಕಥೆಯಲ್ಲಿ ಘಟನೆಗಳನ್ನು ಮುನ್ನಡೆಸುವ ಮತ್ತು ನೋಡುಗರ ಒಲವನ್ನು ಪಡೆಯುವ ಪಾತ್ರ. ಸಮಾಜವು ಯಾವುದನ್ನು ಧೈರ್ಯ, ನ್ಯಾಯ, ಸೌಂದರ್ಯ, ಸಂಸಾರಧರ್ಮ ಎಂದು ಒಪ್ಪುತ್ತದೆಯೋ ಅದು ಬದಲಾದಂತೆ ಈ ಪಾತ್ರದ ರೂಪ, ಗುಣ, ಗುರಿಗಳೂ ಬದಲಾಗುತ್ತವೆ. ಈ ಲೇಖನದಲ್ಲಿ ಆ ಬದಲಾವಣೆಯ ಮೂಲ, ಕಥನದ ರಚನೆ, ನಾಯಕರ ಬಗೆಗಳು, ಬದಲಾವಣೆಯ ಕಾರಣಗಳು, ಉಪಯೋಗಗಳು ಮತ್ತು ಈಗಿನ ಸ್ಥಿತಿಯನ್ನು ಭಾರತ, ಕರ್ನಾಟಕ ಹಾಗೂ ಮಹಾರಾಷ್ಟ್ರದ ಸಾಂಗಲಿ-ಮಿರಜ ಗಡಿಭಾಗಗಳನ್ನು ಮುಖ್ಯವಾಗಿ ಇಟ್ಟುಕೊಂಡು ವಿವರಿಸಲಾಗಿದೆ.

ಪರಿಭಾಷೆ

ಆಡುಮಾತಿನಲ್ಲಿ ಅನಿಮೇಷನ್ ಸರಣಿಯನ್ನು ‘ಕಾರ್ಟೂನ್’ ಎನ್ನುತ್ತಾರೆ. ಇಲ್ಲಿ ‘ಸರಣಿ’ ಎಂದರೆ ಅದೇ ಪಾತ್ರಗಳು ಮರಳಿ ಮರಳಿ ಬರುವ ಅನೇಕ ಕಂತುಗಳ ಕಥನ. ‘ನಾಯಕ’ ಎಂಬ ಮಾತನ್ನು ಹೆಣ್ಣು, ಗಂಡು, ಪ್ರಾಣಿ, ಯಂತ್ರಮಾನವ ಎಲ್ಲಕ್ಕೂ ಅನ್ವಯಿಸುವಂತೆ ಬಳಸಲಾಗಿದೆ. ಹೆಣ್ಣುಪಾತ್ರವನ್ನೇ ಕುರಿತು ಹೇಳುವಾಗ ‘ನಾಯಕಿ’ ಎಂದಿದೆ. ‘ಪ್ರತಿನಾಯಕ’ ನಾಯಕನನ್ನು ಎದುರಿಸುವ ಪಾತ್ರ. ‘ಮೌಲ್ಯ’ ಎಂದರೆ ಒಂದು ಕಾಲದ ಸಮಾಜ ಒಳ್ಳೆಯದೆಂದು ಒಪ್ಪಿ ಮಕ್ಕಳಿಗೆ ಕಲಿಸಬಯಸುವ ನಡೆ.

ಮೂಲ

ಹಳೆಯ ನಾಯಕನನ್ನು ಹೊಸ ಕಾಲಕ್ಕೆ ತಕ್ಕಂತೆ ತಿದ್ದುವ ಕೆಲಸ ಅನಿಮೇಷನ್‌ಗಿಂತ ಬಹಳ ಹಿಂದಿನದು. ಪಂಪ ಕ್ರಿ.ಶ. 941ರ ಸುಮಾರಿಗೆ ಬರೆದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರ್ಜುನನನ್ನು ತನ್ನ ದೊರೆ ಇಮ್ಮಡಿ ಅರಿಕೇಸರಿಯೊಂದಿಗೆ ಸಮೀಕರಿಸಿದನು. ರನ್ನ ‘ಗದಾಯುದ್ಧ’ದಲ್ಲಿ ಭೀಮನನ್ನು ಚಾಲುಕ್ಯ ಸತ್ಯಾಶ್ರಯನೊಂದಿಗೆ ಸಮೀಕರಿಸಿದರೂ ದುರ್ಯೋಧನನಿಗೆ ಉದಾತ್ತತೆಯನ್ನು ಕೊಟ್ಟನು. 20ನೆಯ ಶತಮಾನದಲ್ಲಿ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದಲ್ಲಿ ರಾವಣ ಮತ್ತು ಮಂಥರೆಯರನ್ನು ಕರುಣೆಯಿಂದ ಮರುಚಿತ್ರಿಸಿದರು. ಹೆಸರು ಹಳೆಯದು, ಮೌಲ್ಯ ಹೊಸದು ಎಂಬ ಈ ಕ್ರಮವೇ ಇಂದಿನ ಭಾರತೀಯ ಅನಿಮೇಷನ್ ಸರಣಿಗಳಲ್ಲೂ ಮುಂದುವರಿದಿದೆ.

ಚಲಿಸುವ ಚಿತ್ರದ ಮೂಲಕ ಕಥೆ ಹೇಳುವ ಪದ್ಧತಿಗೆ ಕರ್ನಾಟಕದಲ್ಲಿ ತೊಗಲುಗೊಂಬೆಯಾಟ ಹತ್ತಿರದ ಪೂರ್ವರೂಪ. ಬಣ್ಣ ಹಾಕಿದ ಚರ್ಮದ ಗೊಂಬೆಗಳನ್ನು ದೀಪದ ಬೆಳಕಿನಲ್ಲಿ ಬಿಳಿ ಪರದೆಯ ಹಿಂದೆ ಆಡಿಸಿ ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ತೋರಿಸುವ ಈ ಕಲೆಯನ್ನು ಕಿಳ್ಳೇಕ್ಯಾತ ಅಥವಾ ಶಿಳ್ಳೇಕ್ಯಾತ ಸಮುದಾಯ ಉಳಿಸಿಕೊಂಡು ಬಂದಿದೆ. ಮನೆಯಲ್ಲಿ ಮರಾಠಿಯ ಒಂದು ರೂಪವನ್ನು ಆಡುವ ಈ ಕಲಾವಿದರು ಆಟವನ್ನು ಕನ್ನಡದಲ್ಲಿ ಕಟ್ಟುತ್ತಾರೆ. ದೇವತೆಗಳ ಕಥೆಯ ನಡುವೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಹಾಸ್ಯಪಾತ್ರಗಳು ಊರಿನ ಮಾತನ್ನು ಪರದೆಗೆ ತರುತ್ತವೆ. ಬಳ್ಳಾರಿಯ ಬೆಳಗಲ್ಲು ವೀರಣ್ಣ ಇದೇ ಮಾಧ್ಯಮದಲ್ಲಿ ಸ್ವಾತಂತ್ರ್ಯ ಹೋರಾಟ ಮತ್ತು ಗಾಂಧೀಜಿಯ ಕಥೆಯನ್ನು ತೋರಿಸಿದರು. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆಯಾಟದ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ದೊರೆಯಿತು.

ಸಾಂಗಲಿಗೂ ಈ ಪರಂಪರೆಯಲ್ಲಿ ಸ್ಥಾನವಿದೆ. ಉತ್ತರ ಕನ್ನಡ ಜಿಲ್ಲೆಯ ಕರ್ಕಿಯ ಭಾಗವತ ಮೇಳ 1842ರಲ್ಲಿ ಸಾಂಗಲಿಯಲ್ಲಿ ಯಕ್ಷಗಾನ ಆಡಿತು. ಅದನ್ನು ಕಂಡ ಸಾಂಗಲಿ ಸಂಸ್ಥಾನದ ದೊರೆ ಚಿಂತಾಮಣರಾವ್ ಪಟವರ್ಧನರ ಅಪೇಕ್ಷೆಯಂತೆ ವಿಷ್ಣುದಾಸ ಭಾವೆ 1843ರ ನವೆಂಬರ್ 5ರಂದು ‘ಸೀತಾ ಸ್ವಯಂವರ’ ನಾಟಕವನ್ನು ಆಡಿಸಿದರು. ಮರಾಠಿ ರಂಗಭೂಮಿಯ ಆರಂಭವನ್ನು ಈ ದಿನದಿಂದ ಎಣಿಸಲಾಗುತ್ತದೆ. ಭಾವೆ ಮರದ ಗೊಂಬೆಗಳನ್ನೂ ತಯಾರಿಸಿದ್ದರು. ಅವನ್ನು ಮುಂದೆ ಗೊಂಬೆಯಾಟದ ಕಲಾವಿದ ರಾಮದಾಸ ಪಾಧ್ಯೆ ದುರಸ್ತಿಗೊಳಿಸಿ ಮತ್ತೆ ಆಡಿಸಿದರು. ಗಡಿಯ ಇನ್ನೊಂದು ಬದಿಯಲ್ಲಿ, ಉತ್ತರ ಕರ್ನಾಟಕದ ಸಣ್ಣಾಟಗಳು ನಾಯಕನನ್ನು ಪುರಾಣದಿಂದ ಊರಿಗೆ ಇಳಿಸಿದವು. ಬೈಲಹೊಂಗಲದ ಘಟನೆಯನ್ನು ಆಧರಿಸಿದ ‘ಸಂಗ್ಯಾ ಬಾಳ್ಯಾ’ದ ಪಾತ್ರಗಳು ದೇವತೆಗಳೂ ಅಲ್ಲ, ರಾಜರೂ ಅಲ್ಲ; ಆಸೆ, ಗೆಳೆತನ, ದ್ರೋಹಗಳ ನಡುವೆ ಸಿಕ್ಕಿಕೊಂಡ ಸಾಮಾನ್ಯರು.

ಸರಣಿಗಳ ಬೆಳವಣಿಗೆ

ದೂರದರ್ಶನಕ್ಕಾಗಿಯೇ ತಯಾರಾದ ಮೊದಲ ಅನಿಮೇಷನ್ ಸರಣಿಗಳು ಅಮೆರಿಕದಲ್ಲಿ 1950ರ ಸುಮಾರಿಗೆ ಬಂದವು. 1960ರ ‘ದಿ ಫ್ಲಿಂಟ್‌ಸ್ಟೋನ್ಸ್’ನಲ್ಲಿ ಗಂಡ ದುಡಿಯುತ್ತಾನೆ, ಹೆಂಡತಿ ಮನೆ ನೋಡಿಕೊಳ್ಳುತ್ತಾಳೆ, ಆ ಕಾಲದ ಅಮೆರಿಕನ್ ಮಧ್ಯಮವರ್ಗದ ಸಂಸಾರವನ್ನೇ ಶಿಲಾಯುಗದಲ್ಲಿ ಇಟ್ಟು ತೋರಿಸಿದ ಸರಣಿ ಅದು. ಜಪಾನಿನಲ್ಲಿ ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’ 1963ರ ಜನವರಿ 1ರಂದು ಆರಂಭವಾಯಿತು. ಯುದ್ಧಾನಂತರದ ಜಪಾನ್ ವಿಜ್ಞಾನದ ಮೇಲೆ ಇಟ್ಟ ನಂಬಿಕೆ ಮತ್ತು ಅದರ ಬಗ್ಗೆ ಇದ್ದ ಅಂಜಿಕೆ ಎರಡೂ ಈ ಯಂತ್ರಬಾಲಕನಲ್ಲಿ ಸೇರಿವೆ.

1960ರ ದಶಕದ ಕೊನೆಗೆ ಅಮೆರಿಕದಲ್ಲಿ ಮಕ್ಕಳ ಕಾರ್ಯಕ್ರಮಗಳ ಹಿಂಸೆ ಮತ್ತು ಜಾಹೀರಾತಿನ ವಿರುದ್ಧ ತಾಯಂದಿರು ಸಂಘಟಿತರಾದರು. 1968ರಲ್ಲಿ ಪೆಗ್ಗಿ ಚಾರೆನ್ ಮತ್ತು ಸಂಗಡಿಗರು ಕಟ್ಟಿದ ‘ಆ್ಯಕ್ಷನ್ ಫಾರ್ ಚಿಲ್ಡ್ರನ್ಸ್ ಟೆಲಿವಿಷನ್’ ಇಂಥ ಸಂಘಟನೆಗಳಲ್ಲಿ ಪ್ರಮುಖವಾದುದು. ಮುಂದಿನ ದಶಕದ ನಾಯಕರು ಹೊಡೆದಾಟ ಕಡಿಮೆ ಮಾಡಿ ಸಹಕಾರದ ಪಾಠ ಹೇಳತೊಡಗಿದರು. 1972ರ ‘ಫ್ಯಾಟ್ ಆಲ್ಬರ್ಟ್’ ನಗರದ ಬಡ ಕಪ್ಪು ಮಕ್ಕಳನ್ನು ಮುಖ್ಯಪಾತ್ರಗಳನ್ನಾಗಿ ಮಾಡಿತು. 1980ರ ದಶಕದಲ್ಲಿ ನಿಯಮ ಸಡಿಲವಾದಾಗ ಆಟಿಕೆ ಮಾರಾಟಕ್ಕೆ ಜೋಡಿಸಿದ ‘ಹಿ-ಮ್ಯಾನ್’ನಂಥ ಬಲಶಾಲಿ ನಾಯಕರು ಬಂದರು. ‘ಹಿ-ಮ್ಯಾನ್’ ಕಂತಿನ ಕೊನೆಗೆ ನೀತಿಮಾತು ಸೇರಿಸುತ್ತಿದ್ದುದು ಟೀಕೆಗೆ ಕೊಟ್ಟ ಉತ್ತರವೂ ಆಗಿತ್ತು.

1990ರ ನಂತರ ನಾಯಕನ ಸ್ಥಾನಕ್ಕೆ ಹುಡುಗಿಯರು ಹೆಚ್ಚಾಗಿ ಬಂದರು: ಜಪಾನಿನ ‘ಸೇಲರ್ ಮೂನ್’ (1992), ಅಮೆರಿಕದ ‘ಪವರ್‌ಪಫ್ ಗರ್ಲ್ಸ್’ (1998), ‘ಡೋರಾ’ (2000). ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ (2005–2008) ಯುದ್ಧಕ್ಕಿಂತ ಕ್ಷಮೆಯನ್ನು ದೊಡ್ಡದಾಗಿ ತೋರಿಸಿತು, ಅದರ ಪ್ರತಿನಾಯಕ ಜುಕೋ ಪಶ್ಚಾತ್ತಾಪಪಟ್ಟು ಮಿತ್ರನಾಗುತ್ತಾನೆ. 2018ರಲ್ಲಿ ಆರಂಭವಾದ ಆಸ್ಟ್ರೇಲಿಯದ ‘ಬ್ಲೂಯಿ’ಯಲ್ಲಿ ಮಕ್ಕಳೊಂದಿಗೆ ಆಡುವ, ಮನೆಗೆಲಸ ಮಾಡುವ ತಂದೆ ಮುಖ್ಯಪಾತ್ರಗಳಲ್ಲಿ ಒಬ್ಬ.

ಭಾರತದಲ್ಲಿ

ಭಾರತೀಯ ಅನಿಮೇಷನ್ ಸರಣಿಗಳಿಗೆ ಮೊದಲು ಬಿಡಿ ಚಿತ್ರಗಳ ಕಾಲವಿತ್ತು. ದಾದಾಸಾಹೇಬ್ ಫಾಲ್ಕೆ 1915ರಲ್ಲಿ ಬೆಂಕಿಕಡ್ಡಿಗಳನ್ನು ಚಲಿಸುವಂತೆ ಮಾಡಿ ಕಿರುಚಿತ್ರ ತಯಾರಿಸಿದರು. ಫಿಲಂಸ್ ಡಿವಿಷನ್ ಡಿಸ್ನಿ ಸಂಸ್ಥೆಯ ಕ್ಲೇರ್ ವೀಕ್ಸ್ ನೆರವಿನಿಂದ 1957ರಲ್ಲಿ ‘ದಿ ಬನಿಯನ್ ಡಿಯರ್’ ಹೊರತಂದಿತು. ಗಬ್ಬದ ಜಿಂಕೆಯನ್ನು ಉಳಿಸಲು ತನ್ನ ಪ್ರಾಣ ಕೊಡಲು ಮುಂದಾಗುವ ಜಿಂಕೆಗಳ ರಾಜನ ಜಾತಕಕಥೆ ಅದು. 1974ರ ‘ಏಕ್ ಅನೇಕ್ ಔರ್ ಏಕತಾ’ದಲ್ಲಿ ಒಬ್ಬ ನಾಯಕನಿಲ್ಲ, ಒಟ್ಟಾಗಿ ಬಲೆಯನ್ನೇ ಹೊತ್ತು ಹಾರುವ ಹಕ್ಕಿಗಳ ಗುಂಪೇ ನಾಯಕ. ತ್ಯಾಗ ಮತ್ತು ಒಗ್ಗಟ್ಟು ಸ್ವಾತಂತ್ರ್ಯದ ಮೊದಲ ದಶಕಗಳ ಸಾರ್ವಜನಿಕ ಮೌಲ್ಯಗಳಾಗಿದ್ದವು.

1986ರಲ್ಲಿ ದೂರದರ್ಶನ ಪ್ರಸಾರ ಮಾಡಿದ, ಸುದ್ಧಸತ್ತ್ವ ಬಸು ನಿರ್ದೇಶನದ ‘ಘಾಯಬ್ ಆಯಾ’ ಭಾರತದ ಮೊದಲ ಅನಿಮೇಷನ್ ಸರಣಿ ಎನಿಸಿದೆ. ಸಾರ್ಕ್ ರಾಷ್ಟ್ರಗಳು 1991–2000ನ್ನು ಹೆಣ್ಣುಮಗುವಿನ ದಶಕ ಎಂದು ಸಾರಿದಾಗ ಯುನಿಸೆಫ್ ‘ಮೀನಾ’ ಸರಣಿಯನ್ನು ರೂಪಿಸಿತು. ಇದರ ಪಾತ್ರಗಳನ್ನು ರಾಮ್ ಮೋಹನ್ ವಿನ್ಯಾಸಗೊಳಿಸಿದರು. ಶಾಲೆಗೆ ಹೋಗಲು ಬಯಸುವ ಮೀನಾ, ತಮ್ಮ ರಾಜು, ಗಿಳಿ ಮಿಠ್ಠು ಇದರ ಮುಖ್ಯಪಾತ್ರಗಳು. ಊಟದಲ್ಲೂ ಓದಿನಲ್ಲೂ ಗಂಡುಮಗುವಿಗೆ ಹೆಚ್ಚು, ಹೆಣ್ಣುಮಗುವಿಗೆ ಕಡಿಮೆ ಎಂಬ ಮನೆಯೊಳಗಿನ ಅನ್ಯಾಯವನ್ನು ಕಥೆಯ ಪ್ರತಿನಾಯಕನ ಸ್ಥಾನಕ್ಕೆ ತಂದದ್ದು ಈ ಸರಣಿಯ ವೈಶಿಷ್ಟ್ಯ.

ಕೇಬಲ್ ಮತ್ತು ಉಪಗ್ರಹ ವಾಹಿನಿಗಳು ಹರಡಿದ ಮೇಲೆ ಪುರಾಣದ ಹೆಸರು ಹೊತ್ತ ಬಾಲನಾಯಕರು ಮುಂಚೂಣಿಗೆ ಬಂದರು. 2008ರಲ್ಲಿ ಪೋಗೋ ವಾಹಿನಿಯಲ್ಲಿ ಆರಂಭವಾದ ‘ಛೋಟಾ ಭೀಮ್’ ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ, ರಾಜೀವ್ ಚಿಲಕಾ ಅವರ ಸೃಷ್ಟಿ. ಧೋಲಕ್‌ಪುರದ ಒಂಬತ್ತು ವರ್ಷದ ಹುಡುಗ ಭೀಮ ಲಾಡು ತಿಂದು ಬಲ ಪಡೆದು ಊರನ್ನು ಕಾಪಾಡುತ್ತಾನೆ. 2009ರ ‘ಲಿಟಲ್ ಕೃಷ್ಣ’ದ ನಿರ್ಮಾಣದಲ್ಲಿ ಬಿಗ್ ಅನಿಮೇಷನ್ ಜೊತೆಗೆ ಬೆಂಗಳೂರಿನ ಇಂಡಿಯನ್ ಹೆರಿಟೇಜ್ ಫೌಂಡೇಷನ್ ಪಾಲುಗೊಂಡಿತು. 2012ರ ‘ಮೋಟು ಪತ್ಲು’ ಲೋಟ್‌ಪೋಟ್ ಪತ್ರಿಕೆಯ ಚಿತ್ರಕಥೆಯಿಂದ ಬಂದ ನಗೆಸರಣಿ. 2018ರ ‘ಲಿಟಲ್ ಸಿಂಗಂ’ನಲ್ಲಿ ಬಾಲಕನೇ ಪೊಲೀಸ್.

ಕಥನದ ರಚನೆ

ಸರಣಿಯ ಕಥನವು ಎರಡು ಮುಖ್ಯ ಕ್ರಮಗಳಲ್ಲಿ ನಡೆಯುತ್ತದೆ. ಮೊದಲನೆಯದು ಬಿಡಿಕಂತಿನ ಕ್ರಮ: ಪ್ರತಿ ಕಂತಿನಲ್ಲಿ ಸಂಕಟ ಬಂದು ಪರಿಹಾರವಾಗಿ ಊರು ಮೊದಲಿನಂತಾಗುತ್ತದೆ. ಇಲ್ಲಿ ನಾಯಕ ಬೆಳೆಯುವುದಿಲ್ಲ. ಅವನು ಕಾಪಾಡುವ ವ್ಯವಸ್ಥೆಯೂ ಬದಲಾಗುವುದಿಲ್ಲ. ‘ಛೋಟಾ ಭೀಮ್’, ‘ಮೋಟು ಪತ್ಲು’ ಈ ಬಗೆಯವು. ಎರಡನೆಯದು ಧಾರಾವಾಹಿ ಕ್ರಮ: ಕಥೆ ಕಂತಿನಿಂದ ಕಂತಿಗೆ ಸಾಗುತ್ತದೆ, ನಾಯಕ ತಪ್ಪು ಮಾಡುತ್ತಾನೆ, ಕಲಿಯುತ್ತಾನೆ. 2021ರ ‘ದಿ ಲೆಜೆಂಡ್ ಆಫ್ ಹನುಮಾನ್’ ಇದಕ್ಕೆ ಭಾರತೀಯ ಉದಾಹರಣೆ; ತನ್ನ ಶಕ್ತಿಯನ್ನೇ ಮರೆತ ಹನುಮಂತ ತನ್ನನ್ನು ತಾನು ಅರಿಯುವುದು ಅದರ ಕಥಾವಸ್ತು.

ಎರಡು ಕ್ರಮಗಳಿಗೂ ಮೌಲ್ಯದೊಂದಿಗೆ ನೇರ ಸಂಬಂಧವಿದೆ. ಒಳಿತು-ಕೆಡುಕುಗಳ ನಡುವೆ ಗೆರೆ ಸ್ಪಷ್ಟವಾಗಿದೆ ಎಂದು ನಂಬುವ ಕಥೆಗೆ ಬಿಡಿಕಂತು ಸಾಕು. ಕೆಟ್ಟವನೂ ಬದಲಾಗಬಲ್ಲ, ಒಳ್ಳೆಯವನೂ ಎಡವಬಲ್ಲ ಎಂದು ಹೇಳಬೇಕಾದರೆ ಕಾಲಾವಕಾಶ ಬೇಕು. ಅದಕ್ಕೆ ಧಾರಾವಾಹಿ ಕ್ರಮ ಒದಗುತ್ತದೆ.

ನಾಯಕರ ಬಗೆಗಳು

ಭಾರತೀಯ ನಾಟ್ಯಶಾಸ್ತ್ರ ಪರಂಪರೆ ನಾಯಕರನ್ನು ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಶಾಂತ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಅನಿಮೇಷನ್ ಸರಣಿಗಳಲ್ಲಿ ಮುಖ್ಯವಾಗಿ ಆರು ಬಗೆಗಳನ್ನು ಗುರುತಿಸಬಹುದು.

ಅವತಾರ ನಾಯಕ: ಪುರಾಣದ ದೇವರು ಅಥವಾ ವೀರ. ಹುಟ್ಟಿನಿಂದಲೇ ಶಕ್ತಿವಂತ. ಉದಾಹರಣೆ, ‘ಲಿಟಲ್ ಕೃಷ್ಣ’.

ಬಲಶಾಲಿ ರಕ್ಷಕ: ದೇವರಲ್ಲದಿದ್ದರೂ ಊರಿಗೆಲ್ಲ ಒಬ್ಬನೇ ಕಾವಲುಗಾರ. ಉದಾಹರಣೆ, ‘ಛೋಟಾ ಭೀಮ್’, ‘ಲಿಟಲ್ ಸಿಂಗಂ’.

ಬುದ್ಧಿಬಲದ ನಾಯಕ: ಜಾಣ್ಮೆಯಿಂದ ಬಲಶಾಲಿಯನ್ನು ಗೆಲ್ಲುವವನು. ತೆನಾಲಿ ರಾಮನ ಸರಣಿಗಳು ಈ ಬಗೆಯವು. ವಿಜಯನಗರದ ಆಸ್ಥಾನದ ಈ ಕಥೆಗಳು ಕನ್ನಡ ಮಕ್ಕಳ ಸಾಹಿತ್ಯದಲ್ಲೂ ಬಹುಕಾಲದಿಂದ ಇವೆ.

ಪ್ರಶ್ನಿಸುವ ನಾಯಕಿ: ಮನೆ ಮತ್ತು ಊರಿನ ರೂಢಿಯನ್ನು ಪ್ರಶ್ನಿಸುವವಳು. ‘ಮೀನಾ’ ಹಾಗೂ ಪಾಕಿಸ್ತಾನದ ‘ಬುರ್ಖಾ ಅವೆಂಜರ್’ (2013) ಇದಕ್ಕೆ ಉದಾಹರಣೆ. ಎರಡನೆಯದರ ನಾಯಕಿ ಜಿಯಾ ಹೆಣ್ಣುಮಕ್ಕಳ ಶಾಲೆಯನ್ನು ಉಳಿಸಲು ಪುಸ್ತಕ ಮತ್ತು ಲೇಖನಿಯನ್ನೇ ಆಯುಧವಾಗಿಸಿಕೊಂಡ ಶಿಕ್ಷಕಿ.

ತುಂಟ ಅಥವಾ ನಗೆ ನಾಯಕ: ಆದರ್ಶವಲ್ಲದ, ತಪ್ಪುಮಾಡುವ ಪಾತ್ರ. ‘ಶಿನ್‌ಚಾನ್’, ‘ಮೋಟು ಪತ್ಲು’.

ಗುಂಪು ನಾಯಕತ್ವ: ಯಾರೊಬ್ಬರೂ ಮುಖ್ಯರಲ್ಲದೆ ಎಲ್ಲರ ಸಹಕಾರದಿಂದ ನಡೆಯುವ ಕಥೆ.

ಬದಲಾವಣೆ ಕಾಣುವ ಕ್ಷೇತ್ರಗಳು

ಹೆಣ್ಣು-ಗಂಡು: ಮೊದಲ ಸರಣಿಗಳಲ್ಲಿ ಹುಡುಗಿ ಕಾಪಾಡಿಸಿಕೊಳ್ಳುವವಳು ಅಥವಾ ಅಡುಗೆಯವಳು. ‘ಛೋಟಾ ಭೀಮ್’ನ ಚುಟ್ಕಿ ಜಾಣೆಯಾದರೂ ಲಾಡಿನೊಂದಿಗೇ ಹೆಚ್ಚಾಗಿ ಗುರುತಾಗುತ್ತಾಳೆ. 2020ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಭೀಮ ಚುಟ್ಕಿಯನ್ನು ಬಿಟ್ಟು ರಾಜಕುಮಾರಿ ಇಂದುಮತಿಯನ್ನು ಮದುವೆಯಾದ ಎಂಬ ಮಾತು ಹಬ್ಬಿ, ಚುಟ್ಕಿಗೆ ನ್ಯಾಯ ಕೊಡಿ ಎಂಬ ಕೂಗೆದ್ದಿತು. ಪಾತ್ರಗಳೆಲ್ಲ ಇನ್ನೂ ಮಕ್ಕಳು, ಮದುವೆಯ ಸುದ್ದಿ ಸುಳ್ಳು ಎಂದು ನಿರ್ಮಾಣ ಸಂಸ್ಥೆ ಹೇಳಿಕೆ ಕೊಡಬೇಕಾಯಿತು. ಪಾತ್ರಕ್ಕೆ ಆಗುವ ಅನ್ಯಾಯವನ್ನು ನೋಡುಗರು ಸಾರ್ವಜನಿಕ ವಿಷಯವಾಗಿ ಎತ್ತಿದ ಪ್ರಸಂಗ ಇದು.

ಹಿಂಸೆ ಮತ್ತು ನಡತೆ: ಜಪಾನಿನ ‘ಶಿನ್‌ಚಾನ್’ ಪ್ರಸಾರವನ್ನು ಭಾರತದಲ್ಲಿ 2008ರ ಕೊನೆಯಲ್ಲಿ ನಿಲ್ಲಿಸಲಾಯಿತು; ಹಿರಿಯರಿಗೆ ಎದುರಾಡುವ ಮತ್ತು ಅಸಭ್ಯವೆನಿಸುವ ಭಾಗಗಳ ಬಗ್ಗೆ ಪಾಲಕರ ದೂರುಗಳಿದ್ದವು. ಮುಂದೆ ಕತ್ತರಿ ಹಾಕಿದ ರೂಪದಲ್ಲಿ ಸರಣಿ ಮರಳಿತು. ಜಪಾನಿನಲ್ಲಿ ನಗೆಯಾಗಿದ್ದುದು ಇಲ್ಲಿ ಅಗೌರವವಾಗಿ ಕಂಡಿತು.

ಬಣ್ಣ, ರೂಪ, ಜನಾಂಗ: ನಾಯಕ ಬೆಳ್ಳಗೆ, ಖಳ ಕಪ್ಪಗೆ ಇರುವ ಚಿತ್ರಣದ ಬಗ್ಗೆ ಭಾರತೀಯ ಚಿತ್ರಕಥೆ ಮತ್ತು ಅನಿಮೇಷನ್ ಎರಡರಲ್ಲೂ ಆಕ್ಷೇಪಗಳಿವೆ. ಅಮೆರಿಕದ ‘ದಿ ಸಿಂಪ್ಸನ್ಸ್’ನ ಭಾರತೀಯ ಅಂಗಡಿಕಾರ ಅಪು ಪಾತ್ರವನ್ನು ಹರಿ ಕೊಂಡಬೋಲು 2017ರ ಸಾಕ್ಷ್ಯಚಿತ್ರದಲ್ಲಿ ವಿಮರ್ಶಿಸಿದರು. ಆ ಪಾತ್ರಕ್ಕೆ ದನಿ ಕೊಡುತ್ತಿದ್ದ ಹ್ಯಾಂಕ್ ಅಜಾರಿಯಾ 2020ರಲ್ಲಿ ಅದರಿಂದ ಹಿಂದೆ ಸರಿದರು.

ಚರಿತ್ರೆಯ ಆಯ್ಕೆ: ಯಾರ ಕಥೆ ಹೇಳಬೇಕು ಎಂಬುದೂ ಮೌಲ್ಯದ ಪ್ರಶ್ನೆ. 2023ರ ಅಕ್ಟೋಬರ್‌ನಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಭಾರತ್ ಹೈಂ ಹಮ್’ ಸರಣಿ ಹೆಚ್ಚು ಪರಿಚಿತರಲ್ಲದ ಸ್ವಾತಂತ್ರ್ಯ ಹೋರಾಟಗಾರರನ್ನು ಆರಿಸಿಕೊಂಡಿತು. ಅವರಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ಇದ್ದಾರೆ. ಬುಡಕಟ್ಟು ನಾಯಕ ತಿಲ್ಕಾ ಮಾಝಿಯೂ ಇದ್ದಾನೆ.

ನಿಸರ್ಗ: ಕನ್ನಡದ ಗೋವಿನ ಹಾಡನ್ನು ಆಧರಿಸಿ ಬೆಂಗಳೂರಿನ ರವಿಶಂಕರ್ ವಿ. ನಿರ್ದೇಶಿಸಿದ ಸಂಸ್ಕೃತ ಅನಿಮೇಷನ್ ಚಿತ್ರ ‘ಪುಣ್ಯಕೋಟಿ’ 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾಯಿತು. ಇದು ಸರಣಿಯಲ್ಲ, ಪೂರ್ಣಾವಧಿ ಚಿತ್ರ. ಮೂಲದಲ್ಲಿ ಸತ್ಯವಾಕ್ಯಕ್ಕೆ ಇರುವ ಪ್ರಾಧಾನ್ಯದ ಜೊತೆಗೆ ಮನುಷ್ಯ, ಪಶು, ಕಾಡು ಹೊಂದಿ ಬಾಳುವ ವಿಚಾರವನ್ನು ಚಿತ್ರ ಮುಂದಕ್ಕೆ ತಂದಿತು.

ಬದಲಾವಣೆಯ ಕಾರಣಗಳು

ಮೊದಲ ಕಾರಣ ಹಣ ಕೊಡುವವರು. ಸರ್ಕಾರ ಅಥವಾ ಯುನಿಸೆಫ್ ಹಣ ಹಾಕಿದಲ್ಲಿ ನಾಯಕನ ಗುರಿ ಸಾರ್ವಜನಿಕ ಹಿತ. ಜಾಹೀರಾತು ಮತ್ತು ಆಟಿಕೆ ಮಾರಾಟದಿಂದ ಹಣ ಬರುವಲ್ಲಿ ನಾಯಕನ ಬಲ ಮತ್ತು ವೇಷಕ್ಕೆ ಹೆಚ್ಚು ಗಮನ. ಎರಡನೆಯದು ಕಾನೂನು. ಭಾರತದಲ್ಲಿ ಕೇಬಲ್ ಟೆಲಿವಿಷನ್ ಜಾಲಗಳ ನಿಯಮಗಳ ಕಾರ್ಯಕ್ರಮ ಸಂಹಿತೆಯು ಮಕ್ಕಳ ಕಾರ್ಯಕ್ರಮಗಳಲ್ಲಿ ಕೆಟ್ಟ ಭಾಷೆ ಮತ್ತು ಹಿಂಸೆಯ ದೃಶ್ಯಗಳು ಇರದಂತೆ ಎಚ್ಚರ ವಹಿಸಬೇಕೆನ್ನುತ್ತದೆ. ಮೂರನೆಯದು ಪಾಲಕರು, ಶಿಕ್ಷಕರು ಮತ್ತು ಮಹಿಳಾ ಚಳವಳಿಗಳ ಒತ್ತಡ. ನಾಲ್ಕನೆಯದು ಹೊರದೇಶದ ಮಾರುಕಟ್ಟೆ. 2019ರ ‘ಮೈಟಿ ಲಿಟಲ್ ಭೀಮ್’ ನೆಟ್‌ಫ್ಲಿಕ್ಸ್ ಮೂಲಕ ಅನೇಕ ದೇಶಗಳಿಗೆ ಹೋಗಬೇಕಾದ್ದರಿಂದ ಮಾತಿಲ್ಲದ ಸರಣಿಯಾಯಿತು. ಅಲ್ಲಿ ಭೀಮ ಖಳರನ್ನು ಹೊಡೆಯುವ ವೀರನಾಗಿರದೆ ತೊದಲು ಹೆಜ್ಜೆಯ ಕೂಸು.

ಕನ್ನಡದಲ್ಲಿ ಮತ್ತು ಗಡಿಭಾಗದಲ್ಲಿ

ಮಕ್ಕಳಿಗೆ ಚಿತ್ರದ ಮೂಲಕ ನಾಯಕರನ್ನು ಪರಿಚಯಿಸುವ ಕೆಲಸ ಕನ್ನಡದಲ್ಲಿ ಮುದ್ರಣದಿಂದ ಆರಂಭವಾಯಿತು. ‘ಚಂದಮಾಮ’ದ ಕನ್ನಡ ಆವೃತ್ತಿ 1949ರಲ್ಲಿ ಬಂದಿತು. ಅಮರ ಚಿತ್ರಕಥೆಯನ್ನು ರೂಪಿಸಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಆ ಮಾಲೆಯ ಮೊದಲ ಪುಸ್ತಕಗಳು ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ 1965ರಲ್ಲಿ ಕನ್ನಡದಲ್ಲೇ ಹೊರಬಂದವು. ರಾಷ್ಟ್ರೋತ್ಥಾನ ಪರಿಷತ್ತಿನ ‘ಭಾರತ ಭಾರತಿ’ ಮಾಲೆ 1970ರ ದಶಕದಲ್ಲಿ ನೂರಾರು ಜೀವನಚರಿತ್ರೆಗಳನ್ನು ಮಕ್ಕಳಿಗೆ ಒದಗಿಸಿತು.

ದೂರದರ್ಶನದ ಕಾರ್ಟೂನ್ ಕನ್ನಡದಲ್ಲಿ ತಡವಾಗಿ ಬಂದಿತು. ಕನ್ನಡ ಚಿತ್ರೋದ್ಯಮದಲ್ಲಿ 1960ರ ದಶಕದಿಂದ ಡಬ್ಬಿಂಗ್‌ಗೆ ಇದ್ದ ವಿರೋಧ ಕಿರುತೆರೆಗೂ ವ್ಯಾಪಿಸಿತ್ತು. 2009ರಲ್ಲಿ ಆರಂಭವಾದ ಚಿಂಟು ಟಿವಿ ಕಾರ್ಟೂನುಗಳನ್ನು ಕನ್ನಡ ಧ್ವನಿಯಲ್ಲಿ ಕೊಟ್ಟಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಆದೇಶಿಸಿತು. 2021ರಲ್ಲಿ ಆರಂಭವಾದ ಈಟಿವಿ ಬಾಲ್ ಭಾರತ್ ವಾಹಿನಿ ಕನ್ನಡವನ್ನೂ ಸೇರಿಸಿಕೊಂಡಿತು. ಯೂಟ್ಯೂಬ್‌ನಲ್ಲಿ ಬೆಂಗಳೂರಿನ ಇನ್ಫೋಬೆಲ್ಸ್ ಸಂಸ್ಥೆಯ ಕನ್ನಡ ಶಿಶುಗೀತೆಗಳು ವ್ಯಾಪಕವಾಗಿ ಹರಡಿವೆ.

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಮತ್ತು ಮಿರಜ ತಾಲೂಕಿನ ಬೇಡಗ, ಆರಗದ ಸುತ್ತಿನ ಗಡಿಭಾಗದಲ್ಲಿ ಕನ್ನಡ-ಮರಾಠಿ ಎರಡೂ ಬಳಕೆಯಲ್ಲಿವೆ. ಮನೆಯಲ್ಲಿ ಕನ್ನಡ, ಪೇಟೆ ಮತ್ತು ಕಚೇರಿಯಲ್ಲಿ ಮರಾಠಿ, ಕಾರ್ಟೂನ್ ವಾಹಿನಿಗಳಲ್ಲಿ ಮುಖ್ಯವಾಗಿ ಹಿಂದಿ ಎಂಬ ಮೂರು ಭಾಷೆಗಳ ನಡುವೆ ಇಲ್ಲಿನ ಕನ್ನಡ ಮಕ್ಕಳು ಬೆಳೆಯುತ್ತಾರೆ. ಸರಣಿಯ ನಾಯಕನ ಮಾತು, ಹಿರಿಯರನ್ನು ಕರೆಯುವ ರೀತಿ, ಹಬ್ಬ, ಊಟ ಎಲ್ಲವೂ ಅವರಿಗೆ ಹಿಂದಿಯ ಮೂಲಕ ತಲುಪುತ್ತವೆ. ಮನೆಯ ‘ಅವ್ವ’, ‘ಕಾಕಾ’, ‘ಮುತ್ಯಾ’ ಎಂಬ ಕರೆಗಳಿರುವ ಗಡಿಭಾಗದ ಕನ್ನಡವು ಕಾರ್ಟೂನ್ ವಾಹಿನಿಗಳಲ್ಲಿ ಅಪರೂಪ. ಡಬ್ಬಿಂಗ್‌ನಲ್ಲಿ ಬಳಕೆಯಾಗುವುದು ಹೆಚ್ಚಾಗಿ ಬೆಂಗಳೂರು-ಮೈಸೂರು ಭಾಗದ ಕನ್ನಡ.

ಉಪಯೋಗಗಳು

ಶಾಲಾ ಶಿಕ್ಷಣ, ಆರೋಗ್ಯ ಪ್ರಚಾರ ಮತ್ತು ಭಾಷೆಯ ಕಲಿಕೆಯಲ್ಲಿ ಅನಿಮೇಷನ್ ನಾಯಕರನ್ನು ಬಳಸಲಾಗುತ್ತದೆ. ಮಹಾರಾಷ್ಟ್ರದ ಶಾಲೆಗಳಲ್ಲಿ ನಡೆಯುವ ‘ಮೀನಾ-ರಾಜು ಮಂಚ’ ಸರಣಿಯ ಪಾತ್ರಗಳ ಹೆಸರಿನಲ್ಲಿ ಕಟ್ಟಿದ ಮಕ್ಕಳ ವೇದಿಕೆ. ಹೆಸರಿಗೆ ರಾಜು ಕೂಡ ಸೇರಿರುವುದು, ಸಮಾನತೆ ಹುಡುಗಿಯರ ಹಕ್ಕು ಮಾತ್ರವಲ್ಲದೆ ಹುಡುಗರ ಹೊಣೆಯೂ ಹೌದು ಎಂಬ ತಿಳಿವಳಿಕೆಗೆ ಹೊಂದುತ್ತದೆ.

ಈಗಿನ ಸ್ಥಿತಿ

ಕರ್ನಾಟಕವು 2012ರಲ್ಲಿ ಅನಿಮೇಷನ್, ದೃಶ್ಯಪರಿಣಾಮ, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದ ದೇಶದ ಮೊದಲ ರಾಜ್ಯ. 2024–29ರ ನೀತಿ ಈಗ ಜಾರಿಯಲ್ಲಿದೆ. ಬೆಂಗಳೂರಿನ ಸ್ಟುಡಿಯೋಗಳು ಬಹುಕಾಲ ವಿದೇಶಿ ಸರಣಿಗಳಿಗೆ ಗುತ್ತಿಗೆ ಕೆಲಸ ಮಾಡಿವೆ. ಕನ್ನಡದಲ್ಲೇ ಬರೆದು ಕನ್ನಡದಲ್ಲೇ ರೂಪಿಸಿದ ದೀರ್ಘ ಸರಣಿಗಳು ವಿರಳ. ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ ಅನಿಮೇಷನ್ ಚಿತ್ರ ‘ಮಹಾವತಾರ ನರಸಿಂಹ’ 2025ರ ಜುಲೈ 25ರಂದು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಬಿಡುಗಡೆಯಾಗಿ ದೊಡ್ಡ ಯಶಸ್ಸು ಪಡೆಯಿತು. ವಿಷ್ಣುವಿನ ಅವತಾರಗಳನ್ನು ಕುರಿತ ಚಿತ್ರಮಾಲೆಯಲ್ಲಿ ಇದು ಮೊದಲನೆಯದು.

ಹೀಗೆ ಅವತಾರ ನಾಯಕ ಮತ್ತು ಪ್ರಶ್ನಿಸುವ ನಾಯಕಿ ಇಬ್ಬರೂ ಭಾರತೀಯ ಅನಿಮೇಷನ್‌ನಲ್ಲಿ ಒಂದೇ ಕಾಲದಲ್ಲಿ ಉಳಿದಿದ್ದಾರೆ. ಮೌಲ್ಯ ಬದಲಾದಾಗ ಹಳೆಯ ನಾಯಕ ಮರೆಯಾಗುವುದಕ್ಕಿಂತ ಹೊಸ ಗುಣ ಪಡೆದು ಮರಳಿ ಬರುವುದೇ ಇಲ್ಲಿನ ಸಾಮಾನ್ಯ ಕ್ರಮ. ಗಡಿಭಾಗದ ಕನ್ನಡವನ್ನು ಆಡುವ ಕಥಾನಾಯಕನಿರುವ ದೀರ್ಘ ಅನಿಮೇಷನ್ ಸರಣಿ ಕನ್ನಡದ ವಾಹಿನಿಗಳಿಗೆ ಆಗಬೇಕಾದ ಕೆಲಸವಾಗಿದೆ.